ಒಂದು ಬಡಿತ ಗಿಡ್ಡ, ಎರಡು ಬಡಿತ ಉದ್ದ

ಮೂವತ್ತೊಂದು ವರ್ಷ ಒಂದನೇ ತರಗತಿಗೆ ಇಂಗ್ಲಿಷ್ ಕಲಿಸಿದ ಟೀಚರಿಗೆ ಮಕ್ಕಳು ಇಟ್ಟ ಹೆಸರು ದೀರ್ಘಮ್ಮ. ಹೆಸರಿಗೆ ತಕ್ಕಂತೆ ಅವಳೇನೂ ಉದ್ದವಿರಲಿಲ್ಲ, ಕರಿಹಲಗೆಯ ಮೇಲಿನ ಸಾಲು ಮುಟ್ಟಬೇಕಾದರೆ ಸ್ಟೂಲು ಹತ್ತಬೇಕಿತ್ತು. ಹೆಸರು ಬಂದದ್ದು ಅವಳ ಹಟದಿಂದ. ನಮ್ಮ ಅಕ್ಷರಗಳಲ್ಲಿ ಹ್ರಸ್ವಕ್ಕೂ ದೀರ್ಘಕ್ಕೂ ಬೇರೆ ಬೇರೆ ಗುರುತಿದೆ, ಕಣ್ಣಿದ್ದವರೆಲ್ಲ ಓದಿಕೊಳ್ಳುತ್ತಾರೆ. ಇಂಗ್ಲಿಷಿಗೆ ಆ ನಿಯತ್ತಿಲ್ಲ. ಅದು ಒಂದೇ ಅಕ್ಷರವನ್ನು ಇಲ್ಲಿ ಗಿಡ್ಡ ಮಾಡುತ್ತದೆ, ಅಲ್ಲಿ ಉದ್ದ ಮಾಡುತ್ತದೆ, ಯಾಕೆಂದು ಕೇಳಿದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತದೆ. ಆರು ವರ್ಷದ ಮಕ್ಕಳಿಗೆ ಇದನ್ನು ಹೇಗೆ ತಲೆಗೆ ತುಂಬುವುದು? ದೀರ್ಘಮ್ಮ ಡಸ್ಟರಿನ ಮರದ ಬೆನ್ನನ್ನು ಮೇಜಿಗೆ ಬಡಿದು ತುಂಬಿದಳು. ಒಂದು ಬಡಿತ ಗಿಡ್ಡ, ಎರಡು ಬಡಿತ ಉದ್ದ. ‘ಬಿಟ್’ ಎಂದರೆ ಟಕ್. ‘ಬೀಟ್’ ಎಂದರೆ ಟಕ್ ಟಕ್. ಬಡಿತ ಮುಗಿದ ಮೇಲೂ ಯಾರ ಬಾಯಲ್ಲಾದರೂ ಸ್ವರ ಉಳಿದಿದ್ದರೆ ಅವರು ಎದ್ದು ನಿಂತು ಇನ್ನೊಮ್ಮೆ ಹೇಳಬೇಕು. ಸರಿಯಾಗುವ ತನಕ ಹೇಳಬೇಕು. ಊಟದ ಗಂಟೆ ಹೊಡೆದರೂ ಹೇಳಬೇಕು.

ಆ ಬಡಿತ ಶಾಲೆಯ ಗೇಟಿನ ಒಳಗೇ ಇದ್ದಿದ್ದರೆ ಚೆನ್ನಾಗಿತ್ತು. ಮನೆಗೂ ಬಂತು. ಮನೆಯಲ್ಲಿ ಇದ್ದದ್ದು ಒಬ್ಬಳೇ ಮಗಳು. ಊಟದ ಮೇಜಿನ ಮೇಲೆ ಡಸ್ಟರಿನ ಬದಲು ಬೆರಳ ಗೆಣ್ಣು ಬಡಿಯುತ್ತಿತ್ತು, ಅಷ್ಟೇ ವ್ಯತ್ಯಾಸ. ಮಗಳಿಗೆ ಹದಿನೈದಾದಾಗ ಶಾಲೆಯ ವೇದಿಕೆಯಲ್ಲಿ ಇಂಗ್ಲಿಷ್ ಪದ್ಯವೊಂದನ್ನು ಹೇಳುವ ಅವಕಾಶ ಬಂತು. ಎರಡನೇ ಸಾಲಿನಲ್ಲಿ ಒಂದು ಸ್ವರ ತುಸು ಗಿಡ್ಡವಾಯಿತು. ಮುಂದಿನ ಸಾಲಿನ ಕುರ್ಚಿಯಿಂದ ಟಕ್ ಟಕ್ ಎಂದು ಕೇಳಿಸಿತು. ಹುಡುಗಿ ಅಲ್ಲಿಗೇ ನಿಲ್ಲಿಸಿದಳು, ತಾಯಿಯನ್ನು ಒಮ್ಮೆ ನೋಡಿದಳು, ಮೆಟ್ಟಿಲಿಳಿದು ನಡೆದುಬಿಟ್ಟಳು. ಅವತ್ತಿನಿಂದ ಇಪ್ಪತ್ತೆರಡು ವರ್ಷ ಅವಳು ತಾಯಿಯೆದುರು ಒಂದೇ ಒಂದು ಇಂಗ್ಲಿಷ್ ಪದ ಆಡಿಲ್ಲ. ಟಿವಿ ಅನ್ನಬೇಕಾದಲ್ಲಿ ‘ಆ ಡಬ್ಬ’ ಅನ್ನುತ್ತಾಳೆ, ಫೋನ್ ಅನ್ನಬೇಕಾದಲ್ಲಿ ‘ಇದು’ ಅನ್ನುತ್ತಾಳೆ. ಅವಳ ಕೆಲಸವೋ, ಕಾರು ಕಲಿಸುವುದು. ದಿನವಿಡೀ ಬ್ರೇಕ್, ಕ್ಲಚ್, ಗೇರ್ ಎಂದು ಕೂಗಿ ಗಂಟಲು ಒಣಗಿಸಿಕೊಂಡು ಬಂದವಳು ಚಪ್ಪಲಿಯ ಜೊತೆ ಆ ಪದಗಳನ್ನೂ ಹೊಸಿಲಾಚೆ ಬಿಟ್ಟು ಒಳಗೆ ಬರುತ್ತಾಳೆ.

ಹೀಗಿರುವಾಗ ದೀರ್ಘಮ್ಮನ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಗಂಟಲಿನ ಡಾಕ್ಟರು ಅವಳ ಹಳೆಯ ಶಿಷ್ಯರೇ, ಒಂದು ಕಾಲಕ್ಕೆ ಮೂರನೇ ಬೆಂಚಿನಲ್ಲಿ ಮೂಗು ಸುರಿಸುತ್ತ ಕೂತಿದ್ದವರು, ಈಗ ತಲೆ ಅರ್ಧ ಬೆಳ್ಳಗಾಗಿದೆ. ಅವರು ಅಳೆದೂ ಸುರಿದೂ ವಿಷಯ ಹೇಳಿದರು. ಜೀವ ಉಳಿಯುತ್ತದೆ, ಧ್ವನಿಪೆಟ್ಟಿಗೆ ಉಳಿಯುವುದಿಲ್ಲ. ಆಪರೇಷನ್ನಿಗೆ ಮೂರು ವಾರ ಸಮಯವಿದೆ.

ಬೇರೆ ಯಾರಾದರೂ ಆಗಿದ್ದರೆ ಆ ಮೂರು ವಾರ ಅತ್ತು ಕಳೆಯುತ್ತಿದ್ದರು. ದೀರ್ಘಮ್ಮ ನೇರವಾಗಿ ಹೆಡ್‌ಮಿಸ್ ಕೋಣೆಗೆ ಹೋದಳು. ಶಾಲೆಗೆ ಮಾತಾಡುವ ಹಲಗೆಗಳು ಬರುವ ಸುದ್ದಿಯಿತ್ತು. ಹಲಗೆಯ ಮೇಲೆ ಚಿತ್ರ, ಚಿತ್ರದ ಕೆಳಗೆ ಗುಂಡಿ, ಮಗು ಗುಂಡಿ ಒತ್ತಿದರೆ ಹಲಗೆಯೇ ಪದ ಹೇಳುತ್ತದೆ. ಆ ಧ್ವನಿ ತನ್ನದೇ ಆಗಬೇಕು ಎಂದಳು. ಹೆಡ್‌ಮಿಸ್ ಆಗಲಿ ಎಂದರು. ನಾಲ್ಕು ದಿನ ಸ್ಟುಡಿಯೋದಲ್ಲಿ ಕೂತು, ಗುಟುಕು ಗುಟುಕು ಬಿಸಿನೀರು ಕುಡಿಯುತ್ತ, ಒಡೆದ ಗಂಟಲಿನಲ್ಲಿ ಇನ್ನೂರ ಹನ್ನೆರಡು ಪದ ಹೇಳಿ ಮುಗಿಸಿದಳು. ಕೊನೆಯ ಪದ ಹೇಳಿದಾಗ ಅವಳಿಗೆ ಎಷ್ಟು ನೆಮ್ಮದಿಯಾಯಿತೆಂದರೆ, ಆಪರೇಷನ್ನಿಗೆ ಹೋಗುವ ಬೆಳಿಗ್ಗೆ ಮಗಳ ಕೈಗೆ ಮನೆಯ ಬೀಗದಕೈ ಕೊಟ್ಟಂತೆ ಧ್ವನಿಯನ್ನೂ ಎಲ್ಲೋ ಭದ್ರವಾಗಿ ಇಟ್ಟುಬಂದಿದ್ದೇನೆ ಅನ್ನಿಸಿತ್ತು.

ಹಲಗೆಗಳು ಬಂದದ್ದು ಎರಡು ತಿಂಗಳಾದ ಮೇಲೆ, ಒಂದು ಮಂಗಳವಾರ. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು, ಕೈಯಲ್ಲೊಂದು ಸಣ್ಣ ಸ್ಲೇಟು ಹಿಡಿದುಕೊಂಡು ದೀರ್ಘಮ್ಮ ಮುಂದಿನ ಬೆಂಚಿನಲ್ಲಿ ಕೂತಳು. ಈಗ ಮಾತೆಲ್ಲ ಸ್ಲೇಟಿನಲ್ಲೇ. ಒಂದು ಮಗು ಬಂದು ‘ಬೀಟ್’ ಚಿತ್ರದ ಗುಂಡಿ ಒತ್ತಿತು. ತಮಟೆ ಬಾರಿಸುವ ಕೈಯ ಚಿತ್ರ. ಹಲಗೆ ಅವಳದೇ ಧ್ವನಿಯಲ್ಲಿ ‘ಬೀಟ್’ ಎಂದಿತು. ಸರಿ. ಆಮೇಲೆ ‘ಬಿಟ್’ ಒತ್ತಿತು. ಹಲಗೆ ಅವಳದೇ ಧ್ವನಿಯಲ್ಲಿ, ಅಷ್ಟೇ ಉದ್ದಕ್ಕೆ, ರಬ್ಬರಿನ ಹಾಗೆ ಎಳೆದು ಪದ ಹೇಳಿತು. ‘ಕಪ್’ ಎಳೆಯಿತು. ‘ಪೆನ್’ ಎಳೆಯಿತು. ಇನ್ನೊಂದು ಕಡೆ ‘ಮೂನ್’ ಕತ್ತರಿ ಬಿದ್ದ ಹಾಗೆ ಮುಂಚೆಯೇ ಮುಗಿಯಿತು. ಗಿಡ್ಡವೂ ಇಲ್ಲ, ಉದ್ದವೂ ಇಲ್ಲ, ಎಲ್ಲ ಒಂದೇ ಸಮ. ದೀರ್ಘಮ್ಮನ ಕೋಪ ನೆತ್ತಿಗೇರಿತು, ಬಾಯಿ ತೆರೆಯಿತು, ಏನೂ ಹೊರಬರಲಿಲ್ಲ. ಸ್ಲೇಟಿನ ಅಂಚಿನಿಂದ ಬೆಂಚನ್ನು ಕುಟ್ಟಿದಳು. ಟೀಚರಿಗೆ ಖುಷಿಯಾಗಿದೆ ಅಂದುಕೊಂಡು ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

ಮಧ್ಯಾಹ್ನವೇ ಸ್ಟುಡಿಯೋಕ್ಕೆ ಹೋದಳು. ಸ್ಟುಡಿಯೋದವನು ಲಿಫ್ಟುಗಳಿಗೂ ಬಸ್ಸುಗಳಿಗೂ ಧ್ವನಿ ಕೂರಿಸುವ ನುರಿತ ಮನುಷ್ಯ. ಅವಳನ್ನು ಕಂಡವನೇ ಎದ್ದು ನಿಂತು, ಬೆನ್ನು ತಟ್ಟಿಸಿಕೊಳ್ಳಲು ಕಾದವನಂತೆ ನಕ್ಕ.

“ನಿಮ್ಮ ರೆಕಾರ್ಡಿಂಗ್ ಹಿಂದೆಮುಂದೆ ಇತ್ತು ಮೇಡಂ,” ಎಂದ. “ಕೆಲವು ಪದ ಅರ್ಧ ಸೆಕೆಂಡು, ಕೆಲವು ಮುಕ್ಕಾಲು. ಒಂಬತ್ತು ದಿನ ಕೂತು ಎಲ್ಲಾನೂ ಒಂದೇ ಅಳತೆಗೆ ತಂದಿದೀನಿ. ಬೇರೆ ಯಾರೂ ಇಷ್ಟು ನೀಟಾಗಿ ಮಾಡ್ಕೊಡಲ್ಲ.”

ಸೋಮಾರಿತನ ಮಾಡಿದ್ದರೆ ಬೈಯಬಹುದಿತ್ತು. ಈ ಪುಣ್ಯಾತ್ಮ ಒಂಬತ್ತು ದಿನ ಬೆವರು ಸುರಿಸಿ ಅವಳ ಮೂವತ್ತೊಂದು ವರ್ಷವನ್ನು ನೆಲಸಮ ಮಾಡಿದ್ದ. ಲಿಫ್ಟಿನಲ್ಲಿ ಒಂದನೇ ಮಹಡಿಯೂ ಹತ್ತನೇ ಮಹಡಿಯೂ ಒಂದೇ ಅಳತೆಯಲ್ಲಿ ಕೇಳಬೇಕು, ಅದು ಅವನ ಕಸುಬಿನ ಮರ್ಯಾದೆ. ಸ್ವರದ ಉದ್ದವೇ ಪಾಠ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ತಾನೇ ಹೇಳಲಿಲ್ಲವಲ್ಲ ಎಂದು ದೀರ್ಘಮ್ಮ ಹಲ್ಲು ಕಡಿದಳು. ಸ್ಲೇಟಿನಲ್ಲಿ ಬೈಗುಳ ಬರೆಯತೊಡಗಿದಳು, ಬರೆಯುವಷ್ಟರಲ್ಲಿ ಕೋಪ ಆರುತ್ತಿತ್ತು, ಆರುತ್ತಿದೆಯಲ್ಲ ಎಂಬ ಕೋಪ ಬೇರೆ. ಕೊನೆಗೆ ಎಲ್ಲ ಅಳಿಸಿ ಒಂದೇ ಮಾತು ಕೇಳಿದಳು, ಮೊದಲಿನದು ಇದೆಯೇ ಎಂದು. ಅವನು ತಲೆ ಕೆರೆದುಕೊಂಡ. ಅಳತೆಗೆ ತಂದ ಮೇಲೆ ಹಳೆಯದನ್ನೆಲ್ಲ ಅಳಿಸಿಹಾಕುವುದು ಅಲ್ಲಿಯ ಪದ್ಧತಿಯಂತೆ.

ಇಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ಸೋಮವಾರ ಇದೇ ಹಲಗೆಗಳು ಇನ್ನೂ ಏಳು ಶಾಲೆಗಳಿಗೆ ಹೊರಡಲಿದ್ದವು. ಅಂದರೆ ಏಳು ಶಾಲೆಗಳ ಮಕ್ಕಳು ಅವಳದೇ ಧ್ವನಿಯಲ್ಲಿ, ಅವಳು ಜನ್ಮದಲ್ಲಿ ಹೇಳದ ತಪ್ಪನ್ನು ಕಲಿಯಲಿದ್ದರು. ತಪ್ಪೆಂದು ಕೂಗಿ ಹೇಳಲು ಅವಳಿಗೆ ಬಾಯಿಲ್ಲ. ಹೆಡ್‌ಮಿಸ್ ಸಮಾಧಾನದ ದಾರಿ ಹುಡುಕಿದರು, ಹೊಸ ಇಂಗ್ಲಿಷ್ ಟೀಚರ್ ಹೇಳಲಿ ಎಂದರು. ಹೊಸ ಟೀಚರ್ ಪಾಪ ಒಳ್ಳೆಯವಳು, ಆದರೆ ಮಗು ಮಲಗಿಸುವವಳ ಹಾಗೆ ಪ್ರತಿಯೊಂದನ್ನೂ ಎಳೆಯುತ್ತಾಳೆ. ಇಲ್ಲವೇ ಯಂತ್ರದ ಧ್ವನಿ ಹಾಕೋಣ ಎಂದರು. ದೀರ್ಘಮ್ಮ ಸ್ಲೇಟಿನಲ್ಲಿ ‘ನನ್ನ ಹೆಣದ ಮೇಲೆ’ ಎಂದು ಬರೆದು ತೋರಿಸಿದಳು. ಆಪರೇಷನ್ ಆಗಿ ಎರಡೇ ತಿಂಗಳಾದವಳು ಹಾಗೆ ಬರೆದರೆ ಯಾರು ತಾನೇ ಎದುರು ಮಾತಾಡುತ್ತಾರೆ?

ಬಸ್ಸಿನಲ್ಲಿ ಮನೆಗೆ ಬರುತ್ತ ಅವಳಿಗೆ ಗೊತ್ತಿತ್ತು, ಗಿಡ್ಡವನ್ನು ಗಿಡ್ಡವಾಗಿ, ಉದ್ದವನ್ನು ಉದ್ದವಾಗಿ ಹೇಳುವ ಬಾಯಿ ಇನ್ನೊಂದೇ ಇದೆ. ಅದನ್ನು ತಾನೇ ತಿದ್ದಿ ತೀಡಿದ್ದು. ಅದು ತನ್ನ ಮುಂದೆ ಬೀಗ ಹಾಕಿಕೊಂಡು ಇಪ್ಪತ್ತೆರಡು ವರ್ಷವಾಗಿದೆ.

ಮಗಳು ಕೆಲಸ ಮುಗಿಸಿ ಬಂದು ಕೈಕಾಲು ತೊಳೆದು ಊಟದ ಮೇಜಿಗೆ ಕೂತಾಗ ದೀರ್ಘಮ್ಮ ‘ಹಲಗೆಯ ಪದಗಳನ್ನು ನೀನು ಹೇಳು’ ಎಂದು ಬರೆದ ಸ್ಲೇಟನ್ನು ಅವಳ ಕಡೆ ತಳ್ಳಿದಳು. ಮಗಳು ಓದಿದಳು. ಅವತ್ತು ಕಲಿಯಲು ಬಂದವರೊಬ್ಬರು ಬ್ರೇಕಿನ ಬದಲು ಇನ್ನೊಂದನ್ನು ಒತ್ತಿ ಕಾರನ್ನು ಬೇಲಿಗೆ ನುಗ್ಗಿಸಿದ್ದರು, ಅವಳ ತಾಳ್ಮೆಯೆಲ್ಲ ಬೇಲಿಯ ಹತ್ತಿರವೇ ಮುಗಿದಿತ್ತು.

“ಆಗಲ್ಲ,” ಎಂದಳು.

ದೀರ್ಘಮ್ಮ ಬರೆದಳು, ‘ನಾಲ್ಕು ಗಂಟೆಯ ಕೆಲಸ.’

“ನಾಲ್ಕು ಗಂಟೆ ಅಲ್ಲಮ್ಮ, ನಾಲ್ಕು ನಿಮಿಷಾನೂ ಆಗಲ್ಲ. ಅಷ್ಟು ಜನರ ಮುಂದೆ ನಿಲ್ಲಿಸಿ ಬಡಿದೆ. ಒಂದು ದಿನ ಆದ್ರೂ ತಪ್ಪಾಯ್ತು ಅಂದ್ಯಾ? ಧ್ವನಿ ಇದ್ದಾಗ ಅನ್ಲಿಲ್ಲ. ಈಗ ಇದರಲ್ಲಿ ಬರೆದು ಕೆಲಸ ಹೇಳ್ತಿದೀಯ.”

ದೀರ್ಘಮ್ಮ ಬಳಪ ಕೈಗೆತ್ತಿಕೊಂಡಳು, ಕೆಳಗಿಟ್ಟಳು. ಅವತ್ತು ಆ ಸ್ವರ ಗಿಡ್ಡವಾದದ್ದು ನಿಜ. ನಿಜವಾದದ್ದಕ್ಕೆ ತಪ್ಪಾಯಿತು ಅನ್ನುವುದು ಅವಳಿಗೆ ಬರುವುದಿಲ್ಲ, ಏನು ಮಾಡುವುದು? ಸುಮ್ಮನೆ ಸ್ಲೇಟನ್ನು ಒರೆಸಿ ‘ನನ್ನ ಧ್ವನಿಯಲ್ಲಿ ತಪ್ಪು ಕಲಿಯುತ್ತಾರೆ’ ಎಂದು ಬರೆದಳು. ಮಗಳು ಅದನ್ನು ಓದಿದಳು, ತಟ್ಟೆ ತೆಗೆದಳು, ತೊಳೆದಳು, ಬಂದು ಬಾಗಿಲಲ್ಲಿ ನಿಂತಳು. ಬರುತ್ತೇನೆ, ಆದರೆ ತಾನು ಗಾಜಿನ ಒಳಗೆ, ಅಮ್ಮ ಹೊರಗೆ ಎಂದಳು. ಪದಕ್ಕೆ ಎಷ್ಟು ಬಡಿತವೋ ಅಷ್ಟೇ, ಮುಖ ಸಿಂಡರಿಸುವ ಹಾಗಿಲ್ಲ. ಇನ್ನೊಂದು, ಪದಗಳ ಪಟ್ಟಿಯ ಮೊದಲ ಪುಟವನ್ನು ಕೊನೆಗೆ ಹೇಳುತ್ತೇನೆ, ಚಿಕ್ಕಂದಿನಲ್ಲಿ ಆ ಪುಟಕ್ಕೇ ಹೆಚ್ಚು ಬಡಿತ ಬಿದ್ದದ್ದು ಎಂದಳು. ದೀರ್ಘಮ್ಮ ಎಲ್ಲದಕ್ಕೂ ತಲೆಯಾಡಿಸಿದಳು.

ಶುಕ್ರವಾರ ಕೆಲಸ ಶುರುವಾಯಿತು. ಗಾಜಿನ ಒಳಗೆ ಮಗಳು, ಕಿವಿಯ ಮೇಲೆ ಹೆಡ್‌ಫೋನು. ಹೊರಗೆ ಸ್ಟುಡಿಯೋದವನು, ಅವನ ಪಕ್ಕ ದೀರ್ಘಮ್ಮ, ಅವಳ ಮುಂದೆ ‘ಅಳತೆ ಮಾಡಬೇಡ’ ಎಂದು ದಪ್ಪಕ್ಷರದಲ್ಲಿ ಬರೆದ ಸ್ಲೇಟು. ಗಾಜಿನ ಮೇಲೆ ಬೆರಳ ಗೆಣ್ಣು, ಒಂದು ಬಡಿತ ಇಲ್ಲವೇ ಎರಡು. ಸ್ಟುಡಿಯೋದವನು ಮೊದಲರ್ಧ ಗಂಟೆ ಒದ್ದಾಡಿದ. ಒಂದು ಪದ ಉದ್ದ, ಒಂದು ಗಿಡ್ಡವಾಗಿ ಬರುವುದನ್ನು ಕಂಡರೆ ಅವನ ಕೈ ತಾನಾಗಿಯೇ ಗುಂಡಿಯ ಕಡೆ ಹೋಗುತ್ತಿತ್ತು. ಮೂರು ಸಲ ದೀರ್ಘಮ್ಮ ಅವನ ಕೈಯ ಮೇಲೂ ಬಡಿದಳು.

ಮಗಳಂತೂ ಹೂವು ಎತ್ತಿಟ್ಟಂತೆ ಹೇಳುತ್ತ ಹೋದಳು. ‘ಶೀಪ್’ ಎಲ್ಲಿ ಮುಗಿಯಬೇಕೋ ಅಲ್ಲಿ ಮುಗಿಯಿತು. ‘ಬುಕ್’ ಒಂದೇ ಬಡಿತಕ್ಕೆ ಬಾಗಿಲು ಹಾಕಿತು. ಇಪ್ಪತ್ತೆರಡು ವರ್ಷ ಮುಚ್ಚಿಟ್ಟಿದ್ದರೂ ಒಂದಿಷ್ಟೂ ತುಕ್ಕು ಹಿಡಿದಿರಲಿಲ್ಲ. ಸ್ಪೀಕರಿನಲ್ಲಿ ಕೇಳುತ್ತಿದ್ದ ದೀರ್ಘಮ್ಮನಿಗೆ ಒಂದೊಂದು ಸಲ ಮೈ ಜುಮ್ಮೆಂದಿತು. ಉಸಿರು ತೆಗೆದುಕೊಳ್ಳುವ ಜಾಗ, ಕೊನೆಯ ವ್ಯಂಜನದ ಮೇಲೆ ಬೀಳುವ ಒತ್ತು, ಎಲ್ಲ ತನ್ನದೇ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತ ಜನ ಸುಮ್ಮನೆ ಹೇಳುತ್ತಾರೆಯೇ? ಅವಳಿಗೆ ಹೆಮ್ಮೆಯಾಯಿತು, ಅದನ್ನು ಸ್ಲೇಟಿನಲ್ಲಿ ಬರೆಯೋಣ ಅನ್ನಿಸಿತು, ಬರೆಯಲಿಲ್ಲ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಇನ್ನೂರು ಪದ ಮುಗಿದವು. ಉಳಿದದ್ದು ಮೊದಲ ಪುಟ.

ಮೊದಲ ಪುಟದ ಮೊದಲ ಸಾಲು, ನಮ್ಮ ಲಿಪಿಯಲ್ಲಿ ದೀರ್ಘದ ಗುರುತು ಬಿದ್ದರೂ, ಇಂಗ್ಲಿಷಿನಲ್ಲಿ ಗಿಡ್ಡ ಸ್ವರದ ಸಾಲು. ‘ಬ್ಯಾಟ್’, ‘ಕ್ಯಾಟ್’, ‘ಮ್ಯಾಟ್’, ‘ಹ್ಯಾಟ್’.

ಮಗಳು ‘ಬ್ಯಾಟ್’ ಎಂದಳು. ದೀರ್ಘಮ್ಮ ಒಮ್ಮೆ ಬಡಿದಳು. ಬಡಿತ ಮುಗಿಯಿತು, ಸ್ವರ ಮುಗಿಯಲಿಲ್ಲ. ಇನ್ನೊಮ್ಮೆ ಎಂದು ಕೈ ತೋರಿಸಿದಳು. ಮಗಳು ಇನ್ನೊಮ್ಮೆ ಹೇಳಿದಳು, ಮತ್ತೆ ಅಷ್ಟೇ ಉದ್ದ. ‘ಕ್ಯಾಟ್’ ಕೂಡ ಹಾಗೇ, ಬಾಲ ಎಳೆದುಕೊಂಡು ಬಂತು. ಐದು ಸಲ, ಆರು ಸಲ. ದೀರ್ಘಮ್ಮ ಜೋರಾಗಿ ಬಡಿದಳು, ಗಾಜು ಅದುರಿತು. ಇನ್ನೂರು ಪದವನ್ನು ಮುತ್ತಿನ ಹಾಗೆ ಹೇಳಿದವಳು ಮಗು ಕೂಡ ಹೇಳುವ ಮೊದಲ ಸಾಲಿನಲ್ಲಿ ತಪ್ಪುವುದೆಂದರೇನು? ಬೇಕಂತಲೇ ಮಾಡುತ್ತಿದ್ದಾಳೆ, ವೇದಿಕೆಯ ಸೇಡನ್ನು ಇಲ್ಲಿ ತೀರಿಸಿಕೊಳ್ಳುತ್ತಿದ್ದಾಳೆ ಅನ್ನಿಸಿ ದೀರ್ಘಮ್ಮನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಏಳನೆಯ ಸಲಕ್ಕೆ ಮುಖವನ್ನೂ ಸಿಂಡರಿಸಿದಳು.

ಮಗಳು ಹೆಡ್‌ಫೋನ್ ಕಿತ್ತು ಹೊರಗೆ ಬಂದಳು.

“ನೀನು ಹೇಳ್ಕೊಟ್ಟಿದ್ದೇ ಹೀಗೆ,” ಎಂದಳು. “ಆರು ವರ್ಷದವಳಿದ್ದಾಗ ಹೇಗೆ ಹೇಳ್ಕೊಟ್ಟೆಯೋ ಹಾಗೇ ಹೇಳ್ತಿದೀನಿ.”

ದೀರ್ಘಮ್ಮ ಸ್ಲೇಟು ತಿರುಗಿಸಿ ದೊಡ್ಡದಾಗಿ ‘ಸುಳ್ಳು’ ಎಂದು ಬರೆದಳು.

ತಾಯಿ ಮಗಳ ನಡುವೆ ಸಿಕ್ಕ ಸ್ಟುಡಿಯೋದವನಿಗೆ ಆಗ ಒಂದು ನೆನಪಾಯಿತು. ಮೊದಲ ದಿನ ಮೈಕು ಸರಿಯಾಗಿದೆಯೇ ಎಂದು ನೋಡಲು ಮೇಡಂ ಕೈಯಲ್ಲಿ ಒಂದು ಸಾಲು ಹೇಳಿಸಿದ್ದೆ, ಅದನ್ನು ಅಳತೆಗೆ ತಂದಿಲ್ಲ, ಅಳಿಸಿಯೂ ಇಲ್ಲ ಎಂದ. ದೀರ್ಘಮ್ಮ ಗೆದ್ದವಳಂತೆ ಕೈ ಬೀಸಿ ಹಾಕೆಂದಳು.

ಸ್ಪೀಕರಿನಲ್ಲಿ ಅವಳ ಹಳೆಯ ಧ್ವನಿ ಬಂತು. ಎಳೆಯದ, ಕತ್ತರಿಸದ, ಅವಳದೇ ಧ್ವನಿ. ಎರಡು ತಿಂಗಳಾದ ಮೇಲೆ ಅದನ್ನು ಇದ್ದ ಹಾಗೇ ಕೇಳಿದ್ದು ಅದೇ ಮೊದಲು. ಅವಳ ಕಣ್ಣು ತುಂಬಿತು. ತುಂಬಿದ ಕಣ್ಣಿನಲ್ಲೇ ಅವಳು ಕೇಳಿಸಿಕೊಂಡಳು. ‘ಬ್ಯಾಟ್’. ‘ಕ್ಯಾಟ್’. ‘ಮ್ಯಾಟ್’. ‘ಹ್ಯಾಟ್’. ನಾಲ್ಕೂ ಉದ್ದ. ಮಗಳು ಹೇಳಿದಷ್ಟೇ ಉದ್ದ, ಒಂದು ಕೂದಲೆಳೆಯೂ ಹೆಚ್ಚುಕಡಿಮೆಯಿಲ್ಲ. ಪ್ರತಿ ಪದದ ಜೊತೆ ಅವಳ ಬೆರಳು ಮೇಜಿಗೆ ಬಡಿದದ್ದೂ ಕೇಳುತ್ತಿತ್ತು. ಒಂದೇ ಬಡಿತ. ಆದರೆ ಆ ಬಡಿತ ಬೀಳುತ್ತಿದ್ದದ್ದು ಸ್ವರ ಮುಗಿದ ಮೇಲೆ. ಕೈ ಬಾಯಿಗಾಗಿ ಕಾದು ನಿಂತು, ಬಾಯಿ ಮುಚ್ಚಿದ ಮೇಲೆ ಬಡಿದಿತ್ತು.

ದೀರ್ಘಮ್ಮ ಅದನ್ನು ನಾಲ್ಕು ಸಲ ಹಾಕಿಸಿದಳು. ಮಾತಾಡುವ ಬಾಯಿ, ಬಡಿಯುವ ಕೈ ಎರಡೂ ಒಬ್ಬಳವೇ ಆಗಿದ್ದಾಗ ಒಂದು ಇನ್ನೊಂದರ ತಪ್ಪನ್ನು ಮೂವತ್ತೊಂದು ವರ್ಷ ಮುಚ್ಚಿಟ್ಟಿತ್ತು. ಬಾಯಿ ಹೋಗಿ ಕೈ ಒಂದೇ ಉಳಿದ ಮೇಲೆ ಕಳ್ಳತನ ಬಯಲಾಯಿತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕುತ್ತಾರೆ ಅಂತಾರಲ್ಲ, ಆ ಹೆಗ್ಗಣ ಮೊದಲ ಪುಟದ ಮೊದಲ ಸಾಲಿನಲ್ಲೇ ಬಿದ್ದಿತ್ತು. ಅವಳಿಗೆ ಎಷ್ಟು ನಾಚಿಕೆಯಾಯಿತೆಂದರೆ ಕುತ್ತಿಗೆಯ ಬಿಳಿ ಬಟ್ಟೆಯನ್ನು ಮುಖದವರೆಗೂ ಎಳೆದುಕೊಳ್ಳೋಣ ಅನ್ನಿಸಿತು.

ಮಗಳು ಗೆದ್ದೆನೆಂದು ಬೀಗಲಿಲ್ಲ. ಕುರ್ಚಿ ಎಳೆದುಕೊಂಡು ಹತ್ತಿರ ಕೂತಳು.

“ಹೇಗೆ ಹೇಳ್ಲಿ ಅಮ್ಮ? ನಿನ್ನ ಹಾಗಾ, ಸರಿಯಾಗಾ?”

ದೀರ್ಘಮ್ಮ ಸ್ಪೀಕರನ್ನು ನೋಡಿದಳು. ‘ನನ್ನ ಹಾಗೆ’ ಎಂದು ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ. ಮೊದಲ ಗುಂಡಿಯಿಂದ ಕೊನೆಯ ಗುಂಡಿಯವರೆಗೆ ಹಲಗೆಯ ತುಂಬ ತಾನೇ ಇರುತ್ತೇನೆ. ಬರೆಯಲು ಮನಸ್ಸಾಯಿತು, ಸುಳ್ಳು ಯಾಕೆ ಹೇಳಬೇಕು? ‘ಸುಳ್ಳು’ ಎಂಬುದನ್ನು ಅಂಗೈಯಿಂದ ಒರೆಸಿ, ‘ಸರಿಯಾಗಿ’ ಎಂದು ಬರೆದಳು. ಅದರ ಕೆಳಗೆ ಜಾಗ ಉಳಿದಿತ್ತು. ‘ತಪ್ಪಾಯಿತು’ ಎಂದೂ ಬರೆದಳು. ಮಗಳು ಅದನ್ನು ಓದಿ, ಯಾವ ತಪ್ಪಿಗೆಂದು ಕೇಳಲಿಲ್ಲ.

ಆದರೆ ಆರು ವರ್ಷಕ್ಕೆ ಬಾಯಿಗೆ ಹತ್ತಿದ್ದು ಮೂವತ್ತೇಳಕ್ಕೆ ಬಿಡುತ್ತದೆಯೇ? ಮಗಳು ಒಳಗೆ ಹೋಗಿ ಹೇಳಿದಳು, ಉದ್ದ. ಹೇಳಿದಳು, ಉದ್ದ. ದವಡೆ ಹಿಡಿದುಕೊಂಡು ಹೇಳಿದಳು, ಕಣ್ಣು ಮುಚ್ಚಿಕೊಂಡು ಹೇಳಿದಳು. ಬೆವರಿದಳು, ಬೈದುಕೊಂಡಳು. ದೀರ್ಘಮ್ಮ ಬಡಿದಳು, ಬಡಿದಳು, ಗೆಣ್ಣಿನ ಚರ್ಮ ಸುಲಿಯಿತು. ಹತ್ತೊಂಬತ್ತನೆಯ ಸಲಕ್ಕೆ ‘ಕ್ಯಾಟ್’ ಬಡಿತದ ಜೊತೆಗೇ ಮುಗಿಯಿತು, ಗಿಡ್ಡಕ್ಕೆ, ಗಟ್ಟಿಯಾಗಿ. ಉಳಿದ ಮೂರೂ ಅದರ ಹಿಂದೆಯೇ ಬಂದವು. ಇನ್ನೂರ ಹನ್ನೆರಡರಲ್ಲಿ ಆ ಸಾಲಿನ ನಾಲ್ಕು ಪದ ಮಾತ್ರ ತಾಯಿಯವಲ್ಲ, ಮಗಳವೇ.

ಸೋಮವಾರ ಹಲಗೆಗಳು ಏಳು ಶಾಲೆಗಳಿಗೆ ಹೊರಟವು. ದೀರ್ಘಮ್ಮನಿಗೆ ನೆಮ್ಮದಿ ಸಿಗಬೇಕಿತ್ತು, ಸಿಗಲಿಲ್ಲ. ಅವತ್ತಿನಿಂದ ಅವಳ ಕಿವಿಗೆ ಬೇರೆ ಕೆಲಸವೇ ಉಳಿಯಲಿಲ್ಲ. ಔಷಧಿ ಅಂಗಡಿಯವಳು ‘ಕ್ಯಾಪ್ಸೂಲ್’ ಎಂದರೆ ಉದ್ದ. ಬ್ಯಾಂಕಿನವನು ‘ಕ್ಯಾಶ್’ ಎಂದರೆ ಉದ್ದ. ಎಲ್ಲರೂ ಒಂದಲ್ಲ ಒಂದು ವರ್ಷ ಅವಳ ಬೆಂಚಿನಲ್ಲಿ ಕೂತು ಎದ್ದವರು. ತನ್ನ ಧ್ವನಿ ಎಲ್ಲಿಯೂ ಉಳಿಯಲಿಲ್ಲವೆಂದು ಕೊರಗಿದ್ದಳು, ನೋಡಿದರೆ ಊರ ತುಂಬ ಉಳಿದಿತ್ತು, ಉಳಿದದ್ದು ಮಾತ್ರ ತಪ್ಪಿನಲ್ಲಿ.

ಗುರುವಾರ ಗಂಟಲಿನ ಡಾಕ್ಟರ ಹತ್ತಿರ ತೋರಿಸುವ ದಿನ. ಮಗಳು ಕಾರಿನಲ್ಲಿ ಕರೆದುಕೊಂಡು ಹೋದಳು. ಡಾಕ್ಟರು ಟಾರ್ಚು ಬಿಟ್ಟು ಒಳಗೆಲ್ಲ ನೋಡಿ, ಗಾಯ ಚೆನ್ನಾಗಿ ಮಾಗಿದೆ ಎಂದು ಕನ್ನಡದಲ್ಲಿ ಹೇಳಿದರು. ಅಲ್ಲಿಗೇ ನಿಲ್ಲಿಸಬಾರದಿತ್ತೇ? ಕೈ ತೊಳೆಯುತ್ತ, “ನಾಟ್ ಬ್ಯಾಡ್, ಮಿಸ್,” ಎಂದರು. ‘ಬ್ಯಾಡ್’ ಮೂರನೇ ಬೆಂಚಿನಿಂದ ಎದ್ದು ಬಂದ ಹಾಗೆ, ಬಾಲ ಎಳೆದುಕೊಂಡು ಬಂತು.

ದೀರ್ಘಮ್ಮ ಅವರ ಮೇಜಿನ ಮೇಲೆ ಒಮ್ಮೆ ಬಡಿದಳು. ಟಕ್.

ಅರ್ಧ ತಲೆ ಬೆಳ್ಳಗಾದ ಡಾಕ್ಟರು, ಕೈಯಿಂದ ನೀರು ತೊಟ್ಟಿಕ್ಕುತ್ತಿದ್ದರೂ, ಬೆನ್ನು ನೆಟ್ಟಗೆ ಮಾಡಿ ನಿಂತುಬಿಟ್ಟರು. “ಬ್ಯಾಡ್,” ಎಂದರು. ಮತ್ತೆ ಉದ್ದ. ಟಕ್. “ಬ್ಯಾಡ್.” ಟಕ್. ಏನು ತಪ್ಪೆಂದು ತಿಳಿಯದೆ ಅವರು ಮಗಳ ಮುಖ ನೋಡಿದರು. ಹೊರಗೆ ಹದಿನಾಲ್ಕು ಜನ ಕಾಯುತ್ತ ಕೂತಿದ್ದರು.

“ಹೇಳಿ ಡಾಕ್ಟ್ರೆ, ಅವಳು ಬಿಡಲ್ಲ,” ಎಂದಳು ಮಗಳು, ಕುರ್ಚಿಯಲ್ಲಿ ಆರಾಮಾಗಿ ಒರಗಿಕೊಂಡು. “ನಂಗೆ ಹತ್ತೊಂಬತ್ತು ಸಲ ಆಯ್ತು.”

ದೀರ್ಘಮ್ಮ ಸುಲಿದ ಗೆಣ್ಣನ್ನು ಬಿಟ್ಟು ಪಕ್ಕದ ಗೆಣ್ಣಿನಿಂದ ಬಡಿದಳು.